ಹೆಸರಿಗೆ ಕಾವಲು, ಮನೆಗೆ ಯಾರು?

ಹರಿಹರದ ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆ ಫ್ಯಾನಿನ ನೆನಪು ಬರುವುದಿಲ್ಲ. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಮಂಟಪದ ಸುತ್ತ ಗಿಡ್ಡ ಗೋಡೆ, ಅದರ ಮೇಲೆ ಗಾಳಿಗೂ ಬೆಳಕಿಗೂ ಬಿಟ್ಟ ತೆರಪು. ಅದೇ ಊರಿನ ಯಾವುದಾದರೂ ಹೊಸ ಬಡಾವಣೆಯ ಆರ್‌ಸಿಸಿ ಮನೆಯೊಳಗೆ ಹೋಗಿ ನೋಡಿ. ನಡುಹಗಲಲ್ಲೂ ಒಳಕೋಣೆಯಲ್ಲಿ ಲೈಟು ಉರಿಯುತ್ತಿರುತ್ತದೆ. ಎಂಟುನೂರು ವರ್ಷಗಳಲ್ಲಿ ನಾವು ಕಲಿತದ್ದೇನು, ಮರೆತದ್ದೇನು?

ಈ ಪ್ರಶ್ನೆಗೆ ಉತ್ತರಿಸಬೇಕಾದವರು ಆರ್ಕಿಟೆಕ್ಟರು. ದೇಶದಲ್ಲಿ ಅವರ ಸಂಖ್ಯೆ ಲಕ್ಷ ದಾಟಿದೆ. ಆದರೆ ದಾವಣಗೆರೆ, ಹರಿಹರದ ಸಾಮಾನ್ಯರ ಮನೆಗಳ ನಕ್ಷೆಯಲ್ಲಿ ಅವರ ಕೈ ಕಾಣುವುದು ಅಪರೂಪ. ಯಾಕೆ ಹೀಗೆ?

ಮೊದಲು ಸನ್ನದಿನ ಮಾತು. ಅಮೆರಿಕದಲ್ಲಿ ಪದವಿ ಪಡೆದವರು ಇಂತಿಷ್ಟು ಗಂಟೆಗಳ ಅನುಭವ ತೋರಿಸಿ, ಸರಣಿ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಮಾತ್ರ ಲೈಸೆನ್ಸು ಸಿಗುತ್ತದೆ. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ಮಾನ್ಯತೆ ಪಡೆದ ಐದು ವರ್ಷಗಳ ಬಿ.ಆರ್ಕ್. ಮುಗಿಸಿ, ಅರ್ಜಿಯೊಂದಿಗೆ ಶುಲ್ಕ ಕಟ್ಟಿದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾಗುತ್ತದೆ. ಬೇರೆ ಪರೀಕ್ಷೆಯಿಲ್ಲ. ಆದ್ದರಿಂದ ಒಂದು ಕಾಲೇಜಿನ ಎಷ್ಟು ಮಂದಿ ನೋಂದಣಿ ಮಾಡಿಸಿಕೊಂಡರು ಎಂಬ ಲೆಕ್ಕ ಅವರ ಯೋಗ್ಯತೆಯ ಅಳತೆಯಾಗಲಾರದು. ಬೇರೊಬ್ಬರ ಕಚೇರಿಯಲ್ಲಿ ಸಂಬಳಕ್ಕೆ ನಕ್ಷೆ ಬಿಡಿಸುವ ಹುಡುಗನಿಗೆ ನೋಂದಣಿಯ ತುರ್ತೂ ಇರುವುದಿಲ್ಲ. ಸಹಿ ಹಾಕುವವರು ಮಾಲೀಕರು ತಾನೆ?

ಇನ್ನು ಆ ನೋಂದಣಿ ಕಾಪಾಡುವುದಾದರೂ ಏನನ್ನು? ಹೆಸರನ್ನು ಮಾತ್ರ. ನೋಂದಣಿಯಿಲ್ಲದೆ 'ಆರ್ಕಿಟೆಕ್ಟ್' ಎಂದು ಬೋರ್ಡು ಹಾಕಿಕೊಂಡವನಿಗೆ ಮೊದಲ ತಪ್ಪಿಗೆ 500 ರೂಪಾಯಿವರೆಗೆ ದಂಡ ಎಂದು 1972ರಲ್ಲಿ ಬರೆಯಲಾಯಿತು. ಮನೆಯ ವಿನ್ಯಾಸ ಮಾಡುವುದಕ್ಕೆ ಅಡ್ಡಿಯಿಲ್ಲ. ಈ ಬಗ್ಗೆ ಇದ್ದ ಗೊಂದಲಕ್ಕೆ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಕಾಯ್ದೆಯ 37ನೇ ಕಲಮು ಬಿರುದಿನ ದುರ್ಬಳಕೆಯನ್ನು ತಡೆಯುತ್ತದೆಯೇ ಹೊರತು ನೋಂದಣಿಯಿಲ್ಲದವರು ವಿನ್ಯಾಸದ ಕೆಲಸ ಮಾಡುವುದನ್ನಲ್ಲ ಎಂದಿತು. ಬಡವನ ಮನೆ ಕಟ್ಟಿಕೊಡುವ ಮೇಸ್ತ್ರಿಯ ದೃಷ್ಟಿಯಿಂದ ಈ ತೀರ್ಪು ನ್ಯಾಯವೇ. ಆದರೆ ಇದರಿಂದ ಒಂದು ಸತ್ಯ ಬಯಲಾಯಿತು. ಆರ್ಕಿಟೆಕ್ಟ್ ಇಲ್ಲದಿದ್ದರೆ ಮನೆ ನಿಲ್ಲುವುದಿಲ್ಲ ಎಂದು ಕಾನೂನು ಹೇಳುವುದಿಲ್ಲ. ಅವರ ಅಗತ್ಯವನ್ನು ಅವರ ಕೆಲಸವೇ ತೋರಿಸಬೇಕು.

ತೋರಿಸಿದ್ದಾರೆಯೇ? ನಮ್ಮ ಊರುಗಳಲ್ಲಿ 20-30ರ ಸೈಟು ಕೊಂಡವನು ಮೊದಲು ಹೋಗುವುದು ಪ್ಲಾನ್ ಮಂಜೂರು ಮಾಡಿಸಿಕೊಡುವ ಇಂಜಿನಿಯರ್ ಬಳಿಗೆ, ಅಲ್ಲಿಂದ ಮೇಸ್ತ್ರಿಯ ಬಳಿಗೆ. ಆರ್ಕಿಟೆಕ್ಟರೆಂದರೆ ಶ್ರೀಮಂತರ ಬಂಗಲೆಗೆ, ಕಲ್ಯಾಣ ಮಂಟಪಕ್ಕೆ ಎಂಬ ನಂಬಿಕೆ ಬಲವಾಗಿದೆ. ಅದನ್ನು ಸುಳ್ಳು ಮಾಡುವ ಉತ್ಸಾಹ ವೃತ್ತಿಯವರಲ್ಲೂ ಕಾಣುವುದಿಲ್ಲ. ಕಾಲೇಜಿನ ಕೊನೆಯ ವರ್ಷದಲ್ಲಿ ಮ್ಯೂಸಿಯಮ್ಮು, ವಿಮಾನ ನಿಲ್ದಾಣಗಳ ವಿನ್ಯಾಸ ಮಾಡಿದವರಿಗೆ, ಮೂರು ಕಡೆ ಪಕ್ಕದ ಗೋಡೆಗಳಿರುವ ಆರುನೂರು ಚದರಡಿಯೊಳಗೆ ಗಾಳಿ ಆಡಿಸುವ ಸವಾಲು ಸಣ್ಣದೆನಿಸುತ್ತದೆ. ಸಾಲ ಮಾಡಿ ಓದಿಸಿದ ತಂದೆತಾಯಿಗೆ ಮಗ ಊರಿಗೆ ಮರಳುವುದೂ ಬೇಡ. ಹೀಗೆ ಇಲ್ಲಿಂದ ಹೋದ ಮಕ್ಕಳು ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಬಿಲ್ಡರ್‌ಗಳ ಜಾಹೀರಾತಿಗೆ ಚಿತ್ರ ಮಾಡುತ್ತಾರೆ. ಕೆಲವರು ಒಳಾಂಗಣ ಅಲಂಕಾರಕ್ಕೆ, ಕೆಲವರು ಗಲ್ಫಿಗೆ, ಕೆಲವರು ಪಾಠ ಹೇಳಲು ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಊರು ಅವರಿಗೆ ಕೆಲಸ ಇಟ್ಟಿಲ್ಲ.

ತಪ್ಪು ನಮ್ಮದೂ ಇದೆ. ಲಕ್ಷಾಂತರ ರೂಪಾಯಿ ಸುರಿದು ಮುಂಭಾಗದ ಎಲಿವೇಷನ್‌ಗೆ ಟೈಲ್ಸ್ ಹಾಕಿಸುವ ನಾವು, ಒಂದು ಒಳ್ಳೆಯ ನಕ್ಷೆಗೆ ಫೀಜು ಕೊಡಲು ಹಿಂಜರಿಯುತ್ತೇವೆ. ಹಲವರು ಬಾಗಿಲಿನ ದಿಕ್ಕು ಕೇಳಲು ವಾಸ್ತು ಹೇಳುವವರಿಗೆ ಹಣ ಕೊಡುತ್ತಾರೆ. ವಾಸ್ತು ನೋಡದ ಮುಸ್ಲಿಮರ ಮನೆಗಳ ಸ್ಥಿತಿಯೂ ಭಿನ್ನವಲ್ಲ. ಪರದೆಯ ಹೆಸರಿನಲ್ಲಿ ಕಿಟಕಿಗಳನ್ನು ಮುಚ್ಚುತ್ತೇವೆ. ದಿನವಿಡೀ ಒಳಗಿರುವ ಹೆಣ್ಣುಮಕ್ಕಳಿಗೆ ಬೆಳಕಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ದುಡಿದು ಬಂದವನಿಗೆ ರಾತ್ರಿ ಮಲಗುವ ಕೋಣೆಯೂ ಇನ್ನೊಂದು ಭಟ್ಟಿಯೇ. 2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ ಸೇರಿದಾಗ ನಾವು ರಸ್ತೆ, ವೃತ್ತಗಳ ಬಗ್ಗೆ ಮಾತಾಡಿದೆವು. ಈ ಕೋಣೆಯ ಮಾತು ಯಾರೂ ಎತ್ತಲಿಲ್ಲ.

ಮರ್ಯಾದೆಗೂ ಗಾಳಿಗೂ ವೈರವಿಲ್ಲ. ಒಳಅಂಗಳ, ಜಾಲಿ ಕಿಂಡಿ, ಎತ್ತರದ ಗವಾಕ್ಷಿ ಇವೆರಡನ್ನೂ ಕಾಪಾಡುತ್ತವೆ. ನಮ್ಮ ಹಳೆಯ ಮಾಳಿಗೆ ಮನೆಯ ಬೆಳಕಿಂಡಿ ಮಾಡುತ್ತಿದ್ದದ್ದೂ ಇದನ್ನೇ. ಈಜಿಪ್ಟಿನ ಹಸನ್ ಫತಹಿ 1940ರ ದಶಕದಲ್ಲಿ ಲಕ್ಸರ್ ಬಳಿ ಬಡವರಿಗಾಗಿ ಹಸಿ ಇಟ್ಟಿಗೆಯಲ್ಲಿ ಹೊಸ ಗೂರ್ನಾ ಎಂಬ ಹಳ್ಳಿಯನ್ನೇ ಕಟ್ಟಲು ಹೊರಟರು. ಅಲ್ಲಿ ಹಳೆಯ ಅಂಗಳಕ್ಕೆ, ಗುಮ್ಮಟಕ್ಕೆ ಮತ್ತೆ ಜೀವ ಬಂತು. ಆದರೆ ಹಳೆಯ ಗೂರ್ನಾದ ಜನ ತಮ್ಮ ಜಾಗ ಬಿಟ್ಟು ಬರಲು ಒಪ್ಪಲಿಲ್ಲ, ಹಳ್ಳಿ ಪೂರ್ತಿಯಾಗಲಿಲ್ಲ. ವಾಸಿಸುವವರ ಮನಸ್ಸು ಗೆಲ್ಲದ ವಿನ್ಯಾಸ ಎಷ್ಟೇ ಚೆಂದವಿದ್ದರೂ ಸೋಲುತ್ತದೆ ಎಂಬ ಪಾಠವೂ ಅದರಲ್ಲಿದೆ.

ಆಗಬೇಕಾದ್ದು ದೊಡ್ಡದೇನಲ್ಲ. ನಗರಪಾಲಿಕೆ, ನಗರಸಭೆಗಳು ಹೊಸ ಪದವೀಧರರಿಗೆ ಒಂದೆರಡು ವರ್ಷ ಸಂಬಳ ಕೊಟ್ಟು, ಸಣ್ಣ ಸೈಟುಗಳಿಗೆ ಹೊಂದುವ ಹತ್ತಾರು ಮಾದರಿ ನಕ್ಷೆಗಳನ್ನು ಮೇಸ್ತ್ರಿಗಳ ಜೊತೆ ಕುಳಿತು ಮಾಡಿಸಲಿ. ಸರ್ಕಾರಿ ವಸತಿ ಯೋಜನೆಯ ಫಲಾನುಭವಿಗೆ ಹಣದೊಂದಿಗೆ ಆ ನಕ್ಷೆಯೂ ಸಿಗಲಿ. ಮಸೀದಿ ಕಮಿಟಿಗಳು, ಸಂಘಸಂಸ್ಥೆಗಳು ತಮ್ಮ ಕಟ್ಟಡಗಳಿಗೆ ಊರಿನದೇ ಹುಡುಗ-ಹುಡುಗಿಯರನ್ನು ಕರೆಯಲಿ.

ಆಗ ಎಷ್ಟು ಮಂದಿಗೆ ಸನ್ನದು ಸಿಕ್ಕಿತು ಎಂದು ಕೇಳುವ ಅಗತ್ಯ ಬೀಳದು. ಎಷ್ಟು ಮನೆಗಳಲ್ಲಿ ಹಗಲು ದೀಪ ಆರಿತು ಎಂದು ಎಣಿಸಿದರೆ ಸಾಕು.