ಬಾಯಿ ಕಟ್ಟು ಎನ್ನುವ ಮುನ್ನ

ಊರಲ್ಲಿ ಯಾರಿಗಾದರೂ ಶುಗರ್, ಬಿಪಿ ಬಂತೆಂದರೆ ಮೊದಲು ಕೇಳುವ ಮಾತು ‘ಬಾಯಿ ಕಟ್ಟಲಿಲ್ಲ, ಅನುಭವಿಸ್ತಾನೆ’. ಆರೋಗ್ಯ ಶಿಬಿರದ ಭಾಷಣ ಅದನ್ನೇ ನಯವಾಗಿ ಹೇಳುತ್ತದೆ: ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ, ದಿನಾ ನಡೆಯಿರಿ, ಚಿಂತೆ ಬಿಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸೀಮೆಯಲ್ಲಿ ನಿಂತು ಕೇಳಿದರೆ ಈ ಉಪದೇಶ ಅನ್ಯಾಯದ್ದು ಎಂದೇ ನನಗೆ ಅನಿಸುತ್ತದೆ.

ರೊಟ್ಟಿಯನ್ನೇ ತೆಗೆದುಕೊಳ್ಳಿ. ಇದು ಜೋಳದ ನಾಡು, ನಿಜ. ಆದರೆ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಮಳೆಯಾಶ್ರಿತ ಹೊಲಗಳನ್ನು ಈಗ ಬಹುಪಾಲು ಆಕ್ರಮಿಸಿರುವುದು ಮೆಕ್ಕೆಜೋಳ. ಅದು ಬೆಳೆದವರ ಗಂಗಾಳಕ್ಕೆ ಬರುವುದಿಲ್ಲ. ಕೋಳಿ ಮೇವಿಗೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ರೈತ ತಿಳಿಗೇಡಿಯಾಗಿ ಬಿಳಿಜೋಳ ಬಿಟ್ಟಿಲ್ಲ. ಅದಕ್ಕೆ ಹಕ್ಕಿ ಕಾಯಬೇಕು, ಕೊಯ್ಲಿಗೆ ಆಳು ಸಿಗಬೇಕು, ಇಳುವರಿಯೂ ಕಡಿಮೆ. ಸಾಲ ಇರುವವನಿಗೆ ರೊಕ್ಕ ತರುವ ಬೆಳೆ ಬೇಕು. ಅತ್ತ 2013ರಲ್ಲಿ ಅನ್ನಭಾಗ್ಯ ಬಂತು. ಎಷ್ಟೋ ಮನೆಗಳ ಹಸಿವು ನೀಗಿಸಿದ ಆ ಯೋಜನೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೂ ಪುಕ್ಕಟೆ ಸಿಗುವ ಅಕ್ಕಿ ಬಿಟ್ಟು, ಅಂಗಡಿಯಲ್ಲಿ ದುಡ್ಡು ಕೊಟ್ಟು ಜೋಳ ತನ್ನಿ ಎಂದು ಕೂಲಿಯವರಿಗೆ ಹೇಳುವುದು ಯಾವ ವೈದ್ಯ? ಇನ್ನು ರೊಟ್ಟಿ ಬಡಿಯುವವರು ಯಾರು? ಹೊತ್ತು ಮುಳುಗುವವರೆಗೆ ಕಳೆ ತೆಗೆದು ಬಂದ ಹೆಣ್ಣುಮಗಳು ಹಿಟ್ಟು ನಾದಿ, ಒಲೆ ಮುಂದೆ ಕೂತು ಮನೆಮಂದಿಗೆಲ್ಲ ಬಡಿಯಬೇಕು. ಅನ್ನಕ್ಕಾದರೆ ಕುಕ್ಕರ್ ಇಟ್ಟರೆ ಸಾಕು. ಊಟದ ಆಯ್ಕೆ ಎಂದು ನಾವು ಕರೆಯುವುದನ್ನು ಬೆಳೆಯ ದರ, ರೇಷನ್ ಅಂಗಡಿ ಮತ್ತು ಆಕೆಯ ದಣಿವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ.

ದಿನವಿಡೀ ಬಗ್ಗಿ ದುಡಿಯುವವರಿಗೆ ನಡೆಯಲು ಹೇಳುವ ಬಗ್ಗೆ ಹೆಚ್ಚು ಬರೆಯಬೇಕಿಲ್ಲ.

‘ಇದು ಉಳ್ಳವರ ರೋಗ’ ಎಂಬ ಮಾತೂ ಇದೆ. ಮಧುಮೇಹದ ಮಟ್ಟಿಗೆ ಹಳ್ಳಿಗಳಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ 15 ರಾಜ್ಯಗಳ ಮಾಹಿತಿಯೊಂದಿಗೆ 2017ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ, ಹೆಚ್ಚು ಮುಂದುವರಿದ ರಾಜ್ಯಗಳ ನಗರಗಳಲ್ಲಿ ಮಧುಮೇಹ ಬಡವರಲ್ಲೇ ಹೆಚ್ಚಿರುವುದನ್ನು ತೋರಿಸಿತು. ಉಳ್ಳವರು ತಿನಿಸು ಬದಲಿಸಿ ತಪ್ಪಿಸಿಕೊಳ್ಳುತ್ತಾರೆ, ಕಾಯಿಲೆ ಕೆಳಗಿಳಿಯುತ್ತದೆ. ಹಳ್ಳಿಯ ಸರದಿಯೂ ದೂರವಿಲ್ಲ.

ರೋಗಕ್ಕೆ ಬಾಯಿಯೊಂದೇ ಕಾರಣವಲ್ಲ ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ನಮ್ಮ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಹಳೆಯ ಹೆರಿಗೆ ದಾಖಲೆಗಳನ್ನು ಜೋಪಾನ ಮಾಡಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಹೊರಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ 3 ಮಂದಿಗೆ ಮಾತ್ರ. ಅರೆಹೊಟ್ಟೆಯ ಬಸುರಿ ಕೂಲಿಗೆ ಹೋಗುವಾಗಲೇ ಅವಳ ಮಗುವಿನ ನಲವತ್ತೈದನೆಯ ವರ್ಷದ ಎದೆನೋವು ಶುರುವಾಗಿರಬಹುದು. ಹೊಟ್ಟೆಯೊಳಗಿನ ಕೂಸಿಗೆ ಯಾವ ಬಾಯಿ ಕಟ್ಟಲು ಹೇಳುತ್ತೀರಿ?

ಬೀಡಿ, ಗುಟ್ಕಾ, ಸೆರೆ ಬಿಟ್ಟರೆ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಬಿಡಿಸುವ ಕೆಲಸವೂ ಆಗಬೇಕು. ಆದರೆ ಗುಳೆ ಹೋದವರ ಬಿಪಿ ಮಾತ್ರೆ ನಿಂತದ್ದನ್ನು ‘ರೋಗಿಯ ನಿರ್ಲಕ್ಷ್ಯ’ ಎಂದು ಬರೆದುಕೊಳ್ಳುವುದು ಸಲ್ಲದು. ಹಿಂಗಾರು ಕೈಕೊಟ್ಟರೆ ಇಲ್ಲಿನ ಹಳ್ಳಿ, ತಾಂಡಾಗಳ ಜನ ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಗಾರೆ ಕೆಲಸಕ್ಕೆ ತಿಂಗಳುಗಟ್ಟಲೆ ಹೊರಡುತ್ತಾರೆ. ಸರ್ಕಾರಿ ಮಾತ್ರೆ ತಿಂಗಳಿಗೊಮ್ಮೆ ಊರಿನ ಆಸ್ಪತ್ರೆಯಲ್ಲೇ ಪಡೆಯಬೇಕೆಂದರೆ ಅವರು ಏನು ಮಾಡಬೇಕು? ಮಾತ್ರೆಗಾಗಿ ವಾಪಸು ಬಂದರೆ ಒಂದೆರಡು ದಿನದ ಕೂಲಿಯೂ ಬಸ್ ಚಾರ್ಜೂ ಕೈಬಿಡುತ್ತವೆ.

ಆರೋಗ್ಯ ಇಲಾಖೆಯವರು ಗುಳೆ ಹೊರಡುವವರ ಕೈಗೆ ಹೊರಡುವ ಮುನ್ನವೇ ಮೂರು ತಿಂಗಳ ಮಾತ್ರೆ ಕೊಡಲಿ. ರಕ್ತದ ಪರೀಕ್ಷೆ ಕೂಲಿ ಮುಗಿದ ಸಂಜೆ ತಾಂಡಾದಲ್ಲೇ ನಡೆಯಲಿ. ಸರ್ಕಾರ ಬಿಳಿಜೋಳವನ್ನು ರೈತರಿಂದ ಲಾಭದ ದರಕ್ಕೆ ಕೊಂಡು ವರ್ಷದ ಹನ್ನೆರಡೂ ತಿಂಗಳು ಅಕ್ಕಿಯ ಜೊತೆಗೇ ಹಂಚಲಿ. ಇಷ್ಟಾದ ಮೇಲೂ ಯಾರಾದರೂ ಬಾಯಿ ಕಟ್ಟದಿದ್ದರೆ ಆಗ ಬುದ್ಧಿ ಹೇಳೋಣ.