ಗೂಢಚಾರನ ಹೊಸ ನಿರ್ದೇಶಕ

ಜೇಮ್ಸ್ ಬಾಂಡ್‌ನ ಮುಂದಿನ ಚಿತ್ರ ಡೆನಿ ವಿಲ್‌ನೆವ್ ಕೈಗೆ ಹೋಯಿತೆಂದು 2025ರ ಜೂನ್‌ನಲ್ಲಿ ಸುದ್ದಿ ಬಂದಾಗ, ಶಿವಬಸವ ನಗರದ ನಮ್ಮ ಮನೆಯಲ್ಲಿ ಮೊಮ್ಮಗ ಕುಣಿದಾಡಿದ. ಯಾರಪ್ಪಾ ಅಂವ ಅಂದರೆ, "ನಿನಗೇನ್ ತಿಳೀತೈತಿ ಬಿಡು, ಆಯಿ" ಅಂದ. ತಿಳಿಯದೇನು? ನಾವು ಸಿಐಡಿ 999 ನೋಡಿ ಬೆಳೆದವರು!

1968ರಲ್ಲಿ 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ರಾಜಕುಮಾರರೇ ನಾಯಕ, ದೊರೈ-ಭಗವಾನರೇ ನಿರ್ದೇಶಕರು. ನಿರ್ದೇಶಕರನ್ನು ಹುಡುಕುವ ಪಂಚಾಯ್ತಿಯೇ ಇರಲಿಲ್ಲ.

ಇದೇ ಜೋಡಿ 1974ರಲ್ಲಿ ವಾಣಿಯವರ ಕಾದಂಬರಿಯಿಂದ 'ಎರಡು ಕನಸು' ತೆಗೆಯಿತು. ಗಂಡನ ಪ್ರೀತಿಗಾಗಿ ಕಾಯುವ ಕಲ್ಪನಾಳನ್ನು ಅವ್ವನ ಜೊತೆ ಕೂತು ನೋಡಿ ಅತ್ತಿದ್ದೆ. ಹೆಣ್ಣಿನ ಮನಸ್ಸನ್ನು ಅಷ್ಟು ಬಲ್ಲವರು ಗೂಢಚಾರನ ಕಥೆಗೆ ಬಂದಾಗ ಯಾಕೆ ಅವಳನ್ನು ಮರೆತರು? 'ಜೇಡರ ಬಲೆ'ಯಲ್ಲಿ ಜಯಂತಿಯಂಥ ನಟಿ ಇದ್ದರು. ನನ್ನ ನೆನಪಿನಲ್ಲಿ ಉಳಿದದ್ದು ಮಾತ್ರ ರಾಜಕುಮಾರರ ಕೋಟು, ಪಿಸ್ತೂಲು. ತಪ್ಪು ಅವರದೆನ್ನಲಾರೆ, ಆ ಜಾತಿಯ ಕಥೆಯೇ ಹಾಗೆ ಎಳೆದುಕೊಂಡು ಹೋಗುತ್ತದೆ.

ಅದಕ್ಕೇ ನನಗೆ ಈ ಆಯ್ಕೆಯ ಮೇಲೆ ಕಣ್ಣು. ವಿಲ್‌ನೆವ್‌ರ 'ಅರೈವಲ್' (2016) ಚಿತ್ರದಲ್ಲಿ ಅನ್ಯಲೋಕದವರ ಭಾಷೆ ಬಿಡಿಸುವವಳು ಒಬ್ಬ ತಾಯಿ. ಇಡೀ ಚಿತ್ರ ಅವಳದೇ. 1962ರಿಂದ 2021ರವರೆಗೆ ಬಂದ ಬಾಂಡ್‌ನ ಮೂಲ ಸರಣಿಯ 25 ಚಿತ್ರಗಳಲ್ಲಿ ಒಂದನ್ನೂ ಹೆಂಗಸು ನಿರ್ದೇಶಿಸಿಲ್ಲ. ಈ ಸಲವೂ ಇಲ್ಲ. ಇವರಾದರೂ ಆ ತಾಯಿಯನ್ನು ಮರೆಯದೆ ಒಳಗೆ ಕರೆದೊಯ್ಯುತ್ತಾರೋ, ಬಾಗಿಲಲ್ಲೇ ಬಿಡುತ್ತಾರೋ?

ಚಿತ್ರ ಬಂದ ದಿನ ನನಗೂ ಒಂದು ಟಿಕೆಟ್ ತೆಗಸಬೇಕೆಂದು ಮೊಮ್ಮಗನಿಗೆ ಹೇಳಿಟ್ಟಿದ್ದೇನೆ.