‘ಬೋರ್ಡಿಂಗ್ ಪಾರ್ಟಿ’: ಒಂದು ಚಾರಿತ್ರಿಕ ವಿಮರ್ಶೆ

ಯುದ್ಧಕಾಲದ ಗೂಢಕಾರ್ಯಗಳಲ್ಲಿ ಸಣ್ಣ ನೌಕೆಗಳು ವಹಿಸಿದ ಪಾತ್ರವನ್ನು ವಿವರಿಸುವ ಗ್ರಂಥಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಸಂಬಂಧಪಟ್ಟುದು ಜೇಮ್ಸ್ ಲೀಸರರ ‘ಬೋರ್ಡಿಂಗ್ ಪಾರ್ಟಿ’ (1978). 1980ರಲ್ಲಿ ಇದು ‘ದಿ ಸೀ ವುಲ್ವ್ಸ್’ ಎಂಬ ಚಲನಚಿತ್ರವಾಗಿ ಲೋಕಪ್ರಸಿದ್ಧವಾಯಿತು. ಕಾರವಾರಕ್ಕೆ ಉತ್ತರದಲ್ಲಿ, ಅಂದು ಪೋರ್ಚುಗೀಸರ ವಶದಲ್ಲಿದ್ದ ಗೋವೆಯ ಮರ್ಮಗೋವೆ ಬಂದರೇ ಇದರ ರಂಗಸ್ಥಳ.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ಎರಡನೆಯ ಮಹಾಯುದ್ಧದಲ್ಲಿ ಮೂರು ಜರ್ಮನ್ ಹಡಗುಗಳೂ ಇಟಲಿಯದೊಂದು ಹಡಗೂ ಆ ತಟಸ್ಥ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಅವುಗಳಲ್ಲೊಂದಾದ ‘ಎಹ್ರೆನ್‌ಫೆಲ್ಸ್’ನ ನಿಸ್ತಂತು ಯಂತ್ರದಿಂದ ಜಲಾಂತರ್ಗಾಮಿಗಳಿಗೆ ಗುಪ್ತವಾರ್ತೆಗಳು ಹೋಗುತ್ತಿವೆಯೆಂದು ಬ್ರಿಟಿಷರು ನಂಬಿದರು. ಕಲ್ಕತ್ತೆಯ ಸ್ವಯಂಸೇವಕ ದಳಗಳ ಬಹುಪಾಲು ನಡುವಯಸ್ಸಿನ ಸದಸ್ಯರು ಕೊಚ್ಚಿಯಲ್ಲಿ ‘ಫೀಬಿ’ ಎಂಬ ಹೂಳು ಸಾಗಿಸುವ ಬಾರ್ಜನ್ನೇರಿ, 1943ರ ಮಾರ್ಚ್ 9ರ ರಾತ್ರಿ ಆ ಹಡಗಿನ ಮೇಲೆ ಎರಗಿದರು. ನಾಲ್ಕು ಹಡಗುಗಳೂ ಮುಳುಗಿದವು. ಬಾರ್ಜಿನ ಯಾನವನ್ನು ಗ್ರಂಥಕರ್ತರು ಸೊಗಸಾಗಿ ಚಿತ್ರಿಸಿದ್ದಾರೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ದಾಳಿಯ ಫಲವಾಗಿ ಹಿಂದೂ ಮಹಾಸಾಗರದಲ್ಲಿ ಹಡಗುಗಳ ನಷ್ಟವು ಥಟ್ಟನೆ ತಗ್ಗಿತೆಂಬ ಅವರ ಸಿದ್ಧಾಂತವು ಪರೀಕ್ಷೆಗೆ ನಿಲ್ಲದು. ಆ ಮಾರ್ಚಿನ ಮೊದಲ ವಾರದಲ್ಲಿ ಯು-160 ಎಂಬ ಜಲಾಂತರ್ಗಾಮಿಯು ಹಲವು ಹಡಗುಗಳನ್ನು ಮುಳುಗಿಸಿದ್ದು ಗೋವೆಯಿಂದ ಬಹುದೂರದ ಡರ್ಬನ್ ಬಳಿಯಲ್ಲಿ. ಆ ನೌಕೆಗಳ ತಂಡವು ಸ್ವದೇಶಕ್ಕೆ ಮರಳುವ ಕಾಲವೂ ಅದೇ. 1943ರ ನಡುಭಾಗದಲ್ಲಿ ನಷ್ಟವು ಮತ್ತೆ ಏರಿತು. ಸೆಪ್ಟೆಂಬರಿನ ವೇಳೆಗೆ ಜರ್ಮನ್ ನೌಕೆಗಳು ಅರಬ್ಬೀ ಸಮುದ್ರಕ್ಕೇ ಬಂದುವು. ಕೊಣನೂರಿನ ಬಳಿ ಹರಿಗೋಲು ಕಾವೇರಿಯನ್ನು ದಾಟಿದ ಮರುದಿನ ಪ್ರವಾಹವಿಳಿದರೆ, ಹರಿಗೋಲೇ ಹೊಳೆಯನ್ನಿಳಿಸಿತೆಂದು ಯಾರೂ ಹೇಳರು. ಪೂರ್ವಾಪರವನ್ನೇ ಕಾರ್ಯಕಾರಣವೆಂದು ಭಾವಿಸಿದುದು ಈ ಗ್ರಂಥದ ಮುಖ್ಯ ದೋಷ.

ಇದೇ ಕರಾವಳಿಯ ಮತ್ತೊಂದು ದೋಣಿಯನ್ನು ಇಲ್ಲಿ ಸ್ಮರಿಸಬೇಕಾಗಿದೆ. 1942ರ ಸೆಪ್ಟೆಂಬರಿನಲ್ಲಿ, ಪೆನಾಂಗಿನಲ್ಲಿ ತರಬೇತಿ ಪಡೆದ ಐವರು ಭಾರತೀಯರು ಜಪಾನಿನ ಜಲಾಂತರ್ಗಾಮಿಯಿಂದ ರಬ್ಬರ್ ದೋಣಿಯಲ್ಲಿ ಮಲಬಾರಿನ ತಾನೂರಿಗೆ ಬಂದಿಳಿದರು. ವಾರ್ತಾಸಂಗ್ರಹವೇ ಅವರ ಕಾರ್ಯಗಳಲ್ಲೊಂದು. ಆದರೆ ಅದಕ್ಕೆ ಮೊದಲೇ ಸೆರೆಸಿಕ್ಕರು. ಅವರಲ್ಲಿ ವಕ್ಕಂ ಅಬ್ದುಲ್ ಖಾದರ್ ಮತ್ತು ಅನಂತನ್ ನಾಯರ್ ಇಬ್ಬರನ್ನೂ, ಬೇರೆ ಮಾರ್ಗದಿಂದ ಬಂದ ಇನ್ನಿಬ್ಬರನ್ನೂ 1943ರ ಸೆಪ್ಟೆಂಬರ್ 10ರಂದು ಮದರಾಸಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಒಂದೇ ಸಮುದ್ರ, ಒಂದೇ ಯುದ್ಧ, ಎರಡೂ ಗೂಢಯಾನಗಳೇ. ತಟಸ್ಥ ರಾಷ್ಟ್ರದ ಬಂದರಿಗೆ ನುಗ್ಗಿದವರು ಸಾಹಸಿಗಳೆನಿಸಿ ಚಿತ್ರಪಟವನ್ನೇರಿದರು. ಸ್ವದೇಶದ ತೀರದಲ್ಲಿಳಿದವರು ಶತ್ರುವಿನ ಗೂಢಚರರೆನಿಸಿ ನೇಣಿಗೇರಿದರು. ಲೀಸರರ ಗ್ರಂಥವನ್ನು ಓದಬಾರದೆಂದಲ್ಲ. ಆದರೆ ‘ಫೀಬಿ’ಯನ್ನೂ ತಾನೂರಿನ ದೋಣಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಚರಿತ್ರಕಾರನ ಕರ್ತವ್ಯ.